ಎಡಗಾಲಿನ ಬ್ರೇಕು

ಹೈದರಾಬಾದಿನ ನಮ್ಮ ಕಾರ್ಖಾನೆಯ ಸಾಹೇಬರು ಧಾರವಾಡದವರು. ಅವರ ಹತ್ತಿರ ಇಂಗ್ಲೆಂಡಿನ ಹಳೇ ಮೋಟಾರ್ ಸೈಕಲ್ಲಿತ್ತು. ಅದಕ್ಕೆ ಪೆಟ್ರೋಲ್ ಹಾಕಿಸಲು ಜವಾನ ಮಲ್ಲಪ್ಪನನ್ನು ಕಳಿಸಿದರು. ಕಾಚಿಗೂಡದ ತಿರುವಿನಲ್ಲಿ ಅವನು ಲಾರಿಗೆ ಗುದ್ದಿ ಸತ್ತ. ಕುಡಿದಿದ್ದ ಎಂದು ಸಾಹೇಬರು ಆಫೀಸಿಗೆ ಬರೆದುಕೊಟ್ಟರು. ಹಾಗೆ ಬರೆದರೆ ಅವನ ಹೆಂಡತಿಗೆ ಅನುಕಂಪದ ನೌಕರಿ ಸಿಗುವುದಿಲ್ಲ.

ಯೂನಿಯನ್ ಪರವಾಗಿ ನಾನು ಸಾಹೇಬರ ಮನೆಗೆ ಹೋದೆ. ರಿಪೇರಿಯಾಗಿ ಬಂದ ಗಾಡಿಯನ್ನು ಒರೆಸುತ್ತಿದ್ದರು.

"ಇದರ ಬ್ರೇಕು ಯಾವ ಕಾಲಿಗೈತ್ರಿ?" ಎಂದೆ.

"ಎಡಗಾಲಿಗೆ. ಬಲಗಾಲಿಗೆ ಗೇರು. ಆಗಿನ ಬ್ರಿಟಿಷರು ಹಂಗ ಮಾಡ್ತಿದ್ರು," ಎಂದರು ಹೆಮ್ಮೆಯಿಂದ.

"ಮಲ್ಲಪ್ಪ ದಿನಾ ಓಡಸತಿದ್ದ ತನ್ನ ಹೊಸ ಗಾಡ್ಯಾಗ ಬ್ರೇಕು ಬಲಗಾಲಿಗಿತ್ತು. ಇದನ್ನ ಅಂವಗ ಹೇಳಿದ್ರೇನ್ರಿ?"

"ಅಂವ ಕೇಳಬೇಕಿತ್ತು."

"ನಿಮ್ಮನ್ನ ಕೇಳೋ ಧೈರ್ಯ ಯಾವ ಜವಾನಗೈತ್ರಿ? ಗಾಬರಿಯಾದಾಗ ಕಾಲು ರೂಢಿ ಇದ್ದ ಕಡೆಗೇ ಹೋಗತೈತಿ. ಬ್ರೇಕು ಅಂತ ಗೇರು ತುಳದಾನ. ಕುಡದಿದ್ದ ಅನ್ನೋದನ್ನ ತಿದ್ದಿ ಬರೀರಿ."

ಸಾಹೇಬರು ತಿದ್ದಲಿಲ್ಲ. ಬೇಗಂ ಬಜಾರಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಮಲ್ಲಪ್ಪನ ಹೆಂಡತಿ ಸೇರಿದಳು. ಹಳೇ ಗಾಡಿಗಳ ಮೆರವಣಿಗೆಯಲ್ಲಿ ಸಾಹೇಬರ ಗಾಡಿಗೆ ಬಹುಮಾನ ಬಂತು, ಬ್ರಿಟಿಷರು ಮಾಡಿದ್ದರಲ್ಲಿ ಒಂದನ್ನೂ ಬದಲಿಸದೆ ಉಳಿಸಿಕೊಂಡಿದ್ದಕ್ಕೆ.