ಡೇಟ್ ಮುಗಿದ ಸ್ಟೆಪ್ನಿ

ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆಯ ಫ್ಲೋರಾ ಬಾಯಿ ನಿವೃತ್ತ ನರ್ಸ್. ಮಗಳ ಹೆರಿಗೆಗೆಂದು ಕುವೈತಿಗೆ ಹೊರಟ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡುವ ಜವಾಬ್ದಾರಿ ನನ್ನದಾಗಿತ್ತು. ಬಿಜೈ ದಾಟುವಾಗ ನನ್ನ ಕಾರಿನ ಟಯರು ಪಂಕ್ಚರಾಯಿತು.

“ಹೆದರ್ಬೇಡಿ ಬಾಯಿ, ಸ್ಟೆಪ್ನಿ ಉಂಟು. ಒಂದು ದಿನವೂ ರಸ್ತೆ ಕಾಣದ ಹೊಸ ಟಯರು!” ಎಂದು ಡಿಕ್ಕಿಯಿಂದ ಎತ್ತಿ ತೋರಿಸಿದೆ. ಆಯುಧ ಪೂಜೆಯ ಕುಂಕುಮ ಬಿಟ್ಟರೆ ಅದಕ್ಕೆ ಬೇರೇನೂ ತಾಗಿರಲಿಲ್ಲ.

ಡೇಟ್ ನೋಡದೆ ಬಾಯಿ ಯಾವುದನ್ನೂ ಮುಟ್ಟಿದವರಲ್ಲ. ಕನ್ನಡಕ ಏರಿಸಿ ಬಗ್ಗಿದರು.

“ಇಲ್ಲಿ 2212 ಅಂತ ಉಂಟಲ್ಲ, ಎಂತ ಇದು?”

“ಕಂಪನಿಯ ಫೋನ್ ನಂಬರ್.”

“ಸುಳ್ಳು ಹೇಳ್ಬೇಡ ಮಾರಾಯ. ನನ್ನ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದವರು. ಇದು 2012ರ ಇಪ್ಪತ್ತೆರಡನೇ ವಾರ ತಯಾರಾದದ್ದು.”

“ಆದ್ರೆ ಉಪಯೋಗಿಸಲೇ ಇಲ್ಲವಲ್ಲ ಬಾಯಿ!”

“ಬಾಟ್ಲಿ ತೆರೆಯದ ಮದ್ದಿಗೂ ಡೇಟ್ ಮುಗೀತದೆ. ಬದಿಯ ಬಿರುಕು ನೋಡು. ಇದರಲ್ಲಿ ಪಂಕ್ಚರ್ ಅಂಗಡಿವರೆಗೆ ಮೆಲ್ಲ ಹೋಗುವ. ಇದರಲ್ಲೇ ವಿಮಾನ ನಿಲ್ದಾಣದ ಗುಡ್ಡ ಹತ್ತುದು ಬೇಡ. ವಿಮಾನ ನಾಳೆಯೂ ಉಂಟು, ಮೊಮ್ಮಗುವಿಗೆ ಅಜ್ಜಿ ಒಬ್ಬಳೇ.”

ನಡೆದು ಹೋಗುವವರೂ ನಮ್ಮನ್ನು ಹಿಂದೆ ಹಾಕಿದರು. ಅಂಗಡಿಯಲ್ಲಿ ರಿಪೇರಿಯಾದ ಟಯರನ್ನು ಮತ್ತೆ ಹಾಕಿಸಿ ಓಡಿಸಿದೆ. ವಿಮಾನದ ಚೆಕ್-ಇನ್ ಕೌಂಟರ್ ಮುಚ್ಚಲು ನಾಲ್ಕು ನಿಮಿಷ ಇರುವಾಗ ಬಾಯಿ ಒಳಗೆ ಹೋದರು.

ಮರುದಿನವೇ ಹೊಸ ಸ್ಟೆಪ್ನಿ ತಂದೆ. ಈಗ ಸಿಕ್ಕಿದವರ ಟಯರನ್ನೆಲ್ಲ ಬಗ್ಗಿ ನೋಡಿ, ಈ ಡೇಟ್ ಓದುವ ವಿದ್ಯೆಯನ್ನು ಬಾಯಿಗೆ ಕಲಿಸಿದ್ದೇ ನಾನು ಅನ್ನುತ್ತೇನೆ. ಅವರು ಊರಿಗೆ ಮರಳಲು ಇನ್ನೂ ನಾಲ್ಕು ತಿಂಗಳುಂಟು. ಅಲ್ಲಿಯವರೆಗೆ ಇದೇ ಸತ್ಯ.