ಸುಂದರಿಯಕ್ಕನ ನೆಲದಡಿಯ ಕೋಣೆ

ನನ್ನ ಭಾವ ಲೀಲಾಧರ ಠಾಣೆ ಸ್ಟೇಷನ್ನಿನ ಹತ್ತಿರ ನಮ್ಮೂರ ಕಡೆಯವರ ಒಂದು ಹೋಟೆಲಿನಲ್ಲಿ ದುಡ್ಡು ಎಣಿಸಿಕೊಳ್ಳುವ ಗಲ್ಲೆಯ ಮೇಲೆ ಕೂರುವವರು. ಮನೆ ಡೊಂಬಿವಲಿ ಪೂರ್ವದಲ್ಲಿ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಕಪ್ಪು ಬಸಿ ತೊಳೆದು, ಟೇಬಲ್ ಒರೆಸಿ ಗಲ್ಲೆಯವರೆಗೆ ಬಂದ ಮನುಷ್ಯ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇರುವುದು ಒಂದೇ ಚಟ, ದೀಪ ಆರಿಸುವುದು. ಫ್ಯಾಮಿಲಿ ರೂಮಿನ ಕೊನೆಯ ಗಿರಾಕಿ ಕೈ ತೊಳೆಯಲು ಎದ್ದರೆ ಸಾಕು, ಇವರ ಕೈ ಸ್ವಿಚ್ಚಿಗೆ ಹೋಗುತ್ತದೆ. ಐರೋಲಿಯ ನಮ್ಮ ಫ್ಲ್ಯಾಟಿಗೆ ಬಂದಾಗ, ನಾನು ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ನಿಂತಿದ್ದಾಗಲೇ ಹೊರಗಿನಿಂದ ಲೈಟು ಆರಿಸಿದ್ದಾರೆ. ಬೈದರೆ, "ಯಾರೂ ಇಲ್ಲ ಅಂತ ಮಾಡಿದೆ ಮಾರಾಯ" ಎಂದರು.

ಇಂಥವರ ಕೈಗೆ ಆ ಆಟ ಹೋಗಬಾರದಿತ್ತು.

ಆಟ ಎಂದರೆ ಫೋನಿನಲ್ಲಿ ಆಡುವುದು. ನನ್ನನ್ನು ಕೇಳಿದರೆ ಅದು ಆಟವೇ ಅಲ್ಲ, ಬಿಟ್ಟಿ ಕೂಲಿ. ನೆಲದಡಿಯ ಕತ್ತಲಲ್ಲಿ ಬರಿಗೈಯಲ್ಲಿ ನಿಂತಿರುತ್ತೀರಿ. ಗೋಡೆ ಗುದ್ದಿ ಕಲ್ಲು ಕೀಳಬೇಕು, ಕಲ್ಲಿನಿಂದ ಗುದ್ದಲಿ, ಗುದ್ದಲಿಯಿಂದ ತಾಮ್ರ, ಕುಲುಮೆ ಕಟ್ಟಿ ಕಬ್ಬಿಣ. ಚೀಲದಲ್ಲಿ ಇಷ್ಟೇ ಹಿಡಿಯುತ್ತದೆ ಎಂಬ ಲೆಕ್ಕ ಬೇರೆ. ಆಳಕ್ಕೆ ಹೋದಷ್ಟೂ ಒಳ್ಳೆಯ ಅದಿರು, ಜೊತೆಗೆ ಕುದಿಯುವ ಬೆಂಕಿಯ ಹೊಳೆ, ಪೀಡೆಪಿಶಾಚಿಗಳು. ಆಟದೊಳಗೆ ನಿಮ್ಮ ಪರವಾಗಿ ಓಡಾಡುವ ಗೊಂಬೆಗೆ ಹಸಿವಾಗುತ್ತದೆ. ಮೂಲೆಯಲ್ಲಿ ಒಂದು ಪಟ್ಟಿ ಇಳಿಯುತ್ತಾ ಬರುತ್ತದೆ, ಅದು ಖಾಲಿಯಾದರೆ ಸಾವು. ಗೆಲ್ಲುವುದು ಅಂತ ಏನೂ ಇಲ್ಲ. ಬದುಕಿಕೊಂಡು, ಅಗೆದುಕೊಂಡು, ಕಟ್ಟಿಕೊಂಡು ಇದ್ದರಾಯಿತು.

ನನ್ನ ಅಕ್ಕ ಸುಂದರಿ ಇದಕ್ಕೆ ಬಿದ್ದದ್ದು ಕ್ಯಾನ್ಸರಿಗೆ ಕಿಮೋ ಹಾಕಿಸಿಕೊಳ್ಳುವಾಗ. ಸೂಜಿ ಚುಚ್ಚಿಕೊಂಡು ಗಂಟೆಗಟ್ಟಲೆ ಕೂತಿರಬೇಕಲ್ಲ, ಪಕ್ಕದಲ್ಲಿ ಕೂತ ಮಗಳು ತನ್ವಿ ಕಲಿಸಿದಳು. ಇಬ್ಬರೂ ತಮ್ಮ ತಮ್ಮ ಫೋನಿನಿಂದ ಒಂದೇ ಲೋಕದಲ್ಲಿ ಅಗೆಯುತ್ತಿದ್ದರು. ಒಂದು ಬೆಡ್‌ರೂಮಿನ ಮನೆಯಲ್ಲಿ ಬೆಡ್‌ರೂಮನ್ನು ಮಗಳಿಗೆ ಬಿಟ್ಟು ಹಾಲಿನಲ್ಲೇ ಮಲಗಿ ಆಯುಷ್ಯ ಕಳೆದವಳು ಅಕ್ಕ. ನೆಲದಡಿಯಲ್ಲಿ ಮಾತ್ರ ತನಗೇ ಅಂತ ಒಂದು ಕೋಣೆ ಕೊರೆದುಕೊಂಡಳು. ಅದಕ್ಕೆ ಬಾಗಿಲು, ಮಂಚ, ಪಂಜಿನ ಬೆಳಕಿನಲ್ಲಿ ಬೆಳೆಯುವ ಬಿಳಿ ಹೂವಿನ ಗಿಡ. ಇಂಥ ಆಟಗಳಲ್ಲಿ ಸತ್ತರೆ ಮಂಚದ ಮೇಲೆ ಮತ್ತೆ ಏಳಬಹುದು. ಹಾಗೆ ಬೇಡ, ಒಂದೇ ಜೀವ ಇರಲಿ ಎಂದು ಆರಿಸಿದವಳೂ ಅಕ್ಕನೇ. "ಸತ್ತು ಸತ್ತು ಏಳುವುದಾದರೆ ಜಾಗ್ರತೆ ಯಾರು ಮಾಡ್ತಾರೆ?" ಎಂದಿದ್ದಳಂತೆ. ಇಬ್ಬರಲ್ಲಿ ಯಾರ ಗೊಂಬೆ ಸತ್ತರೂ ಇಡೀ ಲೋಕ ಅಳಿಸಿಹೋಗುತ್ತದೆ.

ಕಳೆದ ವರ್ಷ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು.

ತನ್ವಿ ಮಹಾಪೆಯ ಆಫೀಸಿನ ಕೆಲಸ ಬಿಟ್ಟಳು, ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಆಟ ಬಿಡಲಿಲ್ಲ. ಫೋನು ಮುಚ್ಚಿದರೂ ಅಕ್ಕನ ಗೊಂಬೆ ಆ ಮಂಚದ ಮೇಲೆ ಮಲಗಿರುತ್ತದೆ, ಮಲಗಿದ ಗೊಂಬೆಗೆ ಹಸಿವಿಲ್ಲ, ಸಾವಿಲ್ಲ. ಇವಳು ಅದರ ಸುತ್ತ ಸುರಂಗ ತೋಡಿ, ಸುರಂಗದುದ್ದಕ್ಕೂ ಪಂಜು ನೆಟ್ಟು ಕಾವಲು ಕೂತಳು. ಭಾವ ಬಾಗಿಲ ಹೊರಗೆ ತಟ್ಟೆ ಇಡುವುದು, ಅದು ಹಾಗೇ ತಣ್ಣಗಾಗುವುದು. "ಒಂದು ತುತ್ತಾದರೂ ತಿನ್ನು ಮಗಾ" ಎಂದರೆ ಒಳಗಿನಿಂದ, "ಭೂಕ್ ನಹೀ ಹೈ." ಹುಡುಗಿ ಕಡ್ಡಿಯಾದಳು. ಭಾವ ಹೇಳಿದ್ದನ್ನು ಕೇಳಿ ಡಾಕ್ಟರು, ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದೇ ಹೇಳಿದರು. ಆಸ್ಪತ್ರೆಗೆ ಸೇರಿಸೋಣ ಎಂದರೆ ಆ ಹೆಸರಿಗೇ ಅವಳು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನನಗೋ ತಲೆ ಕೆಟ್ಟುಹೋಗಿತ್ತು. ಬಾಗಿಲು ಒಡೆದು ಆ ಫೋನನ್ನು ಖಾಡಿಯ ನೀರಿಗೆ ಬಿಸಾಡುತ್ತೇನೆ ಎಂದು ಎಗರಾಡಿದೆ. ಭಾವ ನನ್ನ ಕೈ ಹಿಡಿದು, "ಸುಮ್ಮನಿರು. ಇರುವುದು ಒಬ್ಬಳೇ" ಎಂದರು.

ಮರುದಿನ ಅವರು ಅಕ್ಕನ ಫೋನು ಚಾರ್ಜಿಗೆ ಹಾಕಿ ಆಟ ತೆರೆದರು. ನೆಲದಡಿಯಲ್ಲಿ ಅಕ್ಕನ ಗೊಂಬೆ ಮಂಚದಿಂದ ಎದ್ದು ನಿಂತಿತು.

ಪರದೆಯ ಮೇಲೆ ತನ್ವಿಯ ಬರಹ ಬಂತು: "ಮಮ್ಮಿ?"

ಭಾವ "ಪಪ್ಪ" ಎಂದು ಬರೆದರು. ಒಳಗಿನಿಂದ ಕಿರುಚು ಕೇಳಿಸಿತು, "ಮಮ್ಮೀಕೋ ಹಾಥ್ ಮತ್ ಲಗಾವೋ!" ಮಮ್ಮಿಯನ್ನು ಮುಟ್ಟಬೇಡಿ ಅಂತ. ಎಷ್ಟೋ ತಿಂಗಳ ಮೇಲೆ ಅವಳು ಅಪ್ಪನಿಗೆ ತಾನಾಗಿ ಆಡಿದ ಮೊದಲ ಮಾತು ಅದು. ಮಾತಾಡಿದಳಲ್ಲ ಎಂದು ಭಾವ ಕಣ್ಣು ಒರೆಸಿಕೊಂಡರು.

ಗೊಂಬೆ ಎದ್ದಿತಲ್ಲ, ಹಸಿವಿನ ಪಟ್ಟಿ ಇಳಿಯತೊಡಗಿತು. ಅದಕ್ಕೆ ತಿನ್ನಿಸಿ, ಇಲ್ಲವೇ ಮಲಗಿಸಿ ಎಂದು ತನ್ವಿ ಒಂದೇ ಸಮನೆ ಬರೆದಳು. ತಿನ್ನಿಸುವುದು ಅಕ್ಕನ ಫೋನಿನಿಂದಲೇ ಆಗಬೇಕು. ಗಲ್ಲೆಯ ಮೇಲೆ ಕೂತು ಕೂತು ಮನುಷ್ಯರನ್ನು ಓದಿದವರು ನಮ್ಮ ಭಾವ. ಬಾಗಿಲಿಗೆ ಬಾಯಿಟ್ಟು ಹೇಳಿದರು, "ನೀನು ಉಂಡರೆ ಅಮ್ಮ ಉಣ್ಣುತ್ತಾಳೆ. ತಟ್ಟೆ ಇಲ್ಲೇ ಇದೆ."

ನಾನು ಅಲ್ಲೇ ಇದ್ದೆ. ಮಗಳನ್ನು ಉಳಿಸಲು ಸತ್ತ ಹೆಂಡತಿಯನ್ನು ಉಪವಾಸ ಕೆಡಹುವುದೇ? ಪಟ್ಟಿ ಇನ್ನೇನು ಖಾಲಿಯಾಗುತ್ತದೆ ಎನ್ನುವಾಗ ಬಾಗಿಲು ಒಂದು ಗೇಣು ತೆರೆಯಿತು. ಒಂದು ಕೈ ಬಂದು ತಟ್ಟೆ ಎಳೆದುಕೊಂಡಿತು.

ಮಳೆಗಾಲ ಪೂರ್ತಿ ಹೀಗೆ ನಡೆಯಿತು. ದಿನಾ ಕೆಲಸಕ್ಕೆ ಹೋಗುವ ಮೊದಲು ಭಾವ ಅಕ್ಕನನ್ನು ಎಬ್ಬಿಸುವರು, ಮಗಳು ಇಲ್ಲಿ ಉಣ್ಣುವಳು, ಇವರು ಅಲ್ಲಿ ಅಕ್ಕನಿಗೆ ಅಣಬೆಯ ಸಾರು ಕುಡಿಸಿ ಮಲಗಿಸುವರು. ಬರಬರುತ್ತಾ ಅಪ್ಪ ಮಗಳು ಇಬ್ಬರೂ ಜೊತೆಗೆ ಅಗೆಯತೊಡಗಿದರು. ತನ್ವಿ ಒಳಗಿನಿಂದ ಹೇಳಿಕೊಡುವಳು, "ಪಪ್ಪಾ, ಮೇಲಕ್ಕೆ ಅಗೀಬೇಡಿ, ತಲೆ ಮೇಲೆ ಬೀಳ್ತದೆ." ಭಾವ ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ ಕಬ್ಬಿಣದ ಗುದ್ದಲಿಯ ವಿಷಯ ಹೇಳುವಷ್ಟು ಖುಷಿಯಲ್ಲಿದ್ದರು. ಗಣಪತಿ ಹಬ್ಬಕ್ಕೆ ಹೊರಗೆ ಬರುತ್ತಾಳೆ ನೋಡು ಎಂದು ನನಗೆ ಫೋನು ಮಾಡಿದರು.

ಹಬ್ಬದ ಹಿಂದಿನ ಭಾನುವಾರ ಮಧ್ಯಾಹ್ನ ನಾನು ಹಾಲಿನಲ್ಲಿ ಪೇಪರ್ ಓದುತ್ತಿದ್ದೆ. ತನ್ವಿಗೆ ಒಳಗೆ ಜೋಂಪು ಹತ್ತಿತ್ತು. ಭಾವ ಒಬ್ಬರೇ ಅಕ್ಕನ ಗೊಂಬೆಯನ್ನು ನಡೆಸಿಕೊಂಡು ಸುರಂಗದ ತುದಿಯವರೆಗೆ ಹೋಗಿ ಅದಿರು ತುಂಬಿಕೊಂಡರು. ವಾಪಸು ಬರುವಾಗ ನೋಡುತ್ತಾರೆ, ಉದ್ದಕ್ಕೂ ಪಂಜು ಧಗಧಗ ಉರಿಯುತ್ತಿದೆ, ನರಪಿಳ್ಳೆ ಇಲ್ಲ. ಮನುಷ್ಯನಿಗೆ ತಡೆಯಲಿಲ್ಲ. ಒಂದೊಂದೇ ಪಂಜು ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಾ ಬಂದರು. "ನೋಡು, ಸುಮ್ಮನೆ ಉರಿಸಿದ್ದಾಳೆ. ಪಾಪ, ಬೇರೆ ಕಡೆಗೆ ಆಗ್ತದೆ ಅವಳಿಗೆ" ಎಂದು ನನಗೆ ತೋರಿಸಿದರು. ನಾನೂ ಪೆದ್ದನ ಹಾಗೆ ಹೂಂ ಎಂದೆ.

ಆ ಆಟದಲ್ಲಿ ಬೆಳಕಿಲ್ಲದ ಜಾಗದಲ್ಲಿ ಪೀಡೆಗಳು ತಾವಾಗಿ ಹುಟ್ಟುತ್ತವೆ. ಪಂಜು ಇರುವುದೇ ಅದಕ್ಕೆ. ತನ್ವಿಗೆ ಅದು ಎಷ್ಟು ರೂಢಿಯೆಂದರೆ ಹೇಳಬೇಕು ಅಂತಲೇ ಅವಳಿಗೆ ಅನಿಸಿರಲಿಲ್ಲ.

ಭಾವ ಕೋಣೆಯೊಳಗೆ ಕಾಲಿಟ್ಟಿದ್ದೇ ತಡ, ಹಿಂದಿನ ಕತ್ತಲಿನಿಂದ ಅವು ಬಂದವು. ಬಾಗಿಲು ಹಾಕಲು ಯಾವುದನ್ನು ಒತ್ತಬೇಕೆಂದೇ ಇವರಿಗೆ ಮರೆತುಹೋಯಿತು. "ತನೂ, ತನೂ, ಅಮ್ಮನನ್ನು ಹಿಡ್ಕೊಂಡಿದ್ದಾವೆ" ಎಂದು ಕೂಗಿದರು. ಬೆಡ್‌ರೂಮಿನ ಬಾಗಿಲು ಗೋಡೆಗೆ ಬಡಿಯಿತು. ತನ್ವಿ ಓಡಿ ಬಂದಳು. ಒಂದು ವರ್ಷದ ಮೇಲೆ ಅವಳನ್ನು ಪೂರ್ತಿಯಾಗಿ ನೋಡಿದೆ. ಅಕ್ಕನ ನೈಟಿ ಹಾಕಿಕೊಂಡಿದ್ದಳು, ಅದು ಮೈಮೇಲೆ ನೇತಾಡುತ್ತಿತ್ತು. ಅಪ್ಪನ ಕೈಯಿಂದ ಫೋನು ಕಸಿದುಕೊಂಡು ನೆಲದಲ್ಲಿ ಕೂತು ಆ ಪೀಡೆಗಳನ್ನು ಹೊಡೆದಳು. ಬೆರಳು ಎಷ್ಟು ಚುರುಕಾಗಿದ್ದರೂ ಅಕ್ಕನ ಜೀವದ ಪಟ್ಟಿಯಲ್ಲಿ ಉಳಿದದ್ದು ಒಂದು ಚೂರು. ಅದೂ ಹೋಯಿತು. ಪರದೆ ಕಪ್ಪಾಯಿತು. ಈ ಲೋಕ ಇನ್ನಿಲ್ಲ ಎಂದು ಬರಹ ಬಂತು, ಕೆಳಗೆ ಹೊಸ ಲೋಕ ಬೇಕೇ ಎಂಬ ಪ್ರಶ್ನೆ.

ಅವಳು ಅಪ್ಪನ ಮುಖಕ್ಕೆ ಪರಚುತ್ತಾಳೆ ಎಂದು ನಾನು ನಡುವೆ ನಿಂತೆ. ಆದರೆ ಕುಸಿದದ್ದು ಭಾವ. ಸ್ಮಶಾನದಲ್ಲಿ ಹನಿ ಕಣ್ಣೀರು ಹಾಕದೆ, ಬಂದವರಿಗೆ ಕಾಫಿ ಕೊಡಿಸುತ್ತಾ ಓಡಾಡಿದ ಮನುಷ್ಯ, ಈಗ ಹಣೆ ನೆಲಕ್ಕೆ ತಾಗಿಸಿಕೊಂಡು ಮಗುವಿನ ಹಾಗೆ ಅತ್ತರು. "ನಾನೇ ಕೊಂದೆ. ಕೈಯಾರೆ ನಿನ್ನ ಅಮ್ಮನನ್ನು ಕೊಂದೆ ಮಗಾ. ಅವಳ ಕೋಣೆಯೂ ಹೋಯಿತು." ನಾನು ಎಬ್ಬಿಸಹೋದರೆ ನನ್ನನ್ನೂ ತಳ್ಳಿದರು. ಉಸಿರು ಸಿಕ್ಕಿಕೊಂಡು ಮುಖ ನೀಲಿಗಟ್ಟುತ್ತಿತ್ತು.

ತನ್ವಿ ಫೋನು ಕೆಳಗಿಟ್ಟಳು. ಮೊಣಕಾಲ ಮೇಲೆ ತೆವಳಿಕೊಂಡು ಬಂದು, ಎಲುಬು ಕಾಣುವ ಕೈಗಳಲ್ಲಿ ಅಪ್ಪನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಇಲ್ಲ ಪಪ್ಪಾ" ಎಂದಳು. "ಮಮ್ಮಿ ಆಸ್ಪತ್ರೆಯಲ್ಲೇ ಸತ್ತುಹೋದ್ಲು. ನೀವು ಏನೂ ಮಾಡ್ಲಿಲ್ಲ. ಕಾಯಿಲೆಯಿಂದ ಸತ್ತುಹೋದ್ಲು, ಪಪ್ಪಾ. ನಾನು ಅಲ್ಲೇ ಇದ್ದೆ."