ಕಾವಲು ಕಲ್ಲಿಗೆ ಏರಿದ ಹೂ

ಬಾದಾಮಿಯಲ್ಲಿ ನಮ್ಮ ಮನೆಯ ಹಿಂದೆಯೇ ಗುಡ್ಡ. ಹೋದ ವರ್ಷದ ಮಳೆಗಾಲದಲ್ಲಿ ಕೆಂಪು ಬಂಡೆಗಳ ನಡುವಿನ ಹುಲ್ಲಿನೊಳಗೆ ಒಂದು ಗಿಡ ಕಂಡೆ. ನೆಲದಲ್ಲೇ ಬೆಳೆಯುವ ಆರ್ಕಿಡ್. ಬೇಸಿಗೆಯಿಡೀ ಗಡ್ಡೆಯಾಗಿ ಮಣ್ಣಿನಡಿ ಮಲಗಿದ್ದು ಮಳೆಗೆ ಏಳುವ ಜಾತಿ. ಬಿಳಿ ಮೊಗ್ಗುಗಳಿಗೆ ಕೊಳವೆಯಂಥ ಉದ್ದನೆಯ ಬಾಲ, ಬಾಲದ ತುದಿಯೊಳಗೆ ಜೇನು. ಅಷ್ಟು ಆಳದ ಜೇನು ಕುಡಿಯುವ ಪ್ರಾಣಿ ಯಾವುದಪ್ಪಾ? ನೋಡಲೇಬೇಕೆಂಬ ಹುಚ್ಚು ಹತ್ತಿತು. ಗುಡ್ಡವೆಲ್ಲ ತಿರುಗಿದರೂ ಇನ್ನೊಂದು ಗಿಡ ಸಿಗಲಿಲ್ಲ. ಇದೂ ಬೀಜ ಕಟ್ಟದೆ ಹೋದರೆ ಇಲ್ಲಿ ಇದರ ವಂಶವೇ ಮುಗಿಯಿತಲ್ಲ ಎಂದು ಚಿಂತೆಯಾಯಿತು.

ಆಡು ಮುಟ್ಟದ ಸೊಪ್ಪಿಲ್ಲ. ಅದಕ್ಕೆ ಗಿಡದ ಸುತ್ತ ಮೂರು ಕಲ್ಲು ನಿಲ್ಲಿಸಿದೆ. ಹುಲ್ಲು ಕೊಯ್ಯುವವರಿಗೆ ಕಾಣಲೆಂದು ಎತ್ತರದ ಕಲ್ಲಿಗೆ ಸುಣ್ಣ ಬಳಿದೆ. ಭಾರೀ ಜಾಣೆ ನಾನು!

ಶ್ರಾವಣ ಸೋಮವಾರ, ಕೆರೂರಿನ ಸೀರೆ ಅಂಗಡಿಯ ಕೆಲಸ ಮುಗಿಸಿ ಬಸ್ಸಿಳಿದವಳೇ ಗುಡ್ಡ ಹತ್ತಿದೆ. ಸುಣ್ಣದ ಕಲ್ಲಿಗೆ ಕುಂಕುಮ, ವಿಭೂತಿ! ನನ್ನ ಗಿಡದ ದಂಟು ಬೋಳು. ಬೆಳಿಗ್ಗೆಯವರೆಗೂ ಮೊಗ್ಗಾಗಿದ್ದ ಗೊಂಚಲು ಅರಳಿ ಕಲ್ಲಿನ ನೆತ್ತಿಯ ಮೇಲಿತ್ತು. ಪಕ್ಕದಲ್ಲೇ ಒಬ್ಬ ಅಜ್ಜಿ ಹುಲ್ಲಿನ ಹೊರೆ ಕಟ್ಟುತ್ತಿದ್ದಳು.

“ಯಾರ್ರಿ ಹೂ ಕಿತ್ತವರು?” ಎಂದು ರೇಗಿದೆ.

“ನಾನ ಯವ್ವಾ, ಈಗ ಕಿತ್ತೆ. ಯಾರೋ ದೇವರನ್ನ ಕುಂದ್ರಿಸಿ ಕುಂಕುಮ ಹಚ್ಯಾರ, ಒಂದ ಹೂ ಏರಿಸಿಲ್ಲ. ಬಾಜೂಕ ಅರಳಿತ್ತು, ಏರಿಸಿದೆ.”

“ಅದು ದೇವರಲ್ಲಬೇ! ಹೂವಿಗೆ ಕಾವಲಂತ ನಾ ನಿಲ್ಲಿಸಿದ ಕಲ್ಲು!”

“ಅಯ್ಯ ಶಿವನ! ಸುಣ್ಣಾ ಬಳದು ನಿಲ್ಲಿಸಿದ್ರ ನಾವ ಏನಂತ ತಿಳೀಬೇಕವಾ ತಂಗಿ?”

ಸಿಟ್ಟು ಬಂತು, ನಗು ಬಂತು, ಕಡೆಗೆ ಅಳುವೇ ಬಂತು. ಬೀಜ, ವಂಶ, ಜೇನು ಕುಡಿಯಲು ಬರುವ ಪ್ರಾಣಿ ಅಂತ ಅಳುತ್ತಲೇ ಎಲ್ಲ ಹೇಳಿದೆ. ಅಜ್ಜಿ ಹೊರೆ ಬಿಟ್ಟು ಪಕ್ಕದಲ್ಲಿ ಕೂತಳು. “ಆತು, ಜೇನ ಕುಡಿಯಾಕ ಯಾರ ಬರ್ತಾರ ನೋಡಿಕೊಂಡ ಹೋಗ್ತೇನಿ,” ಎಂದಳು.

ಹೊತ್ತು ಮುಳುಗಿತು, ಬೆಳಕು ಇನ್ನೂ ಇತ್ತು. ಕಿತ್ತ ಗೊಂಚಲು ಘಮ್ಮೆಂದಿತು. ಬೂದು ಬಣ್ಣದ ದೊಡ್ಡ ಪತಂಗವೊಂದು ಬಂದು ಕಲ್ಲಿನ ಮೇಲೆ, ಗಾಳಿಯಲ್ಲೇ ನಿಂತಿತು. ಸುರುಳಿ ನಾಲಗೆ ಬಿಚ್ಚತೊಡಗಿತು.

“ಅದರ ಮಾರಿಗೆ ಏನಬೇ ಅದು, ಹಳದಿ?” ಅಜ್ಜಿ ನನ್ನ ಕೈ ಹಿಡಿದಳು.

ಬಗ್ಗಿ ನೋಡಿದೆ. ಎರಡು ಪುಟ್ಟ ಹಳದಿ ಉಂಡೆ: ಈ ಜಾತಿಯ ಹೂವಿನದೇ ಪರಾಗ. ಪತಂಗದ ನಾಲಗೆ ನಮ್ಮ ಹೂವನ್ನು ಇನ್ನೂ ಮುಟ್ಟಿರಲಿಲ್ಲ.

ಗುಡ್ಡದಲ್ಲಿ ಎಲ್ಲೋ ಇನ್ನೊಂದು ಗಿಡ ಅರಳಿತ್ತು.